ಮಿಲಮ್‌ಗೆ ಹೋಗುವುದು ಹೇಗೆ? ಟಿಬೆಟ್ ವ್ಯಾಪಾರದ ಹಳೇ ದಾರಿಯಲ್ಲಿ ನಡೆಯುವವರಿಗೆ

ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿ, ಗೋರಿ ಗಂಗಾ ಹುಟ್ಟುವ ಹಿಮನದಿಯ ಹತ್ತಿರ, ಸುಮಾರು 3,400 ಮೀಟರ್ ಎತ್ತರದಲ್ಲಿ ಮಿಲಮ್ ಇದೆ. ಜೋಹಾರ್ ಕಣಿವೆಯ ಕೊನೆಯ ಊರು. ಅಲ್ಲಿಂದ ಮೇಲೆ ಘಟ್ಟಗಳನ್ನು ದಾಟಿದರೆ ಟಿಬೆಟ್. ಇಲ್ಲಿನ ಶೌಕಾ ಜನ ತಲೆತಲಾಂತರದಿಂದ ಧಾನ್ಯ, ಬೆಲ್ಲ, ಬಟ್ಟೆಗಳನ್ನು ಆಚೆ ಒಯ್ದು ಉಪ್ಪು, ಉಣ್ಣೆ, ಬಿಳಿಗಾರ ತರುತ್ತಿದ್ದರು. 1962ರ ಯುದ್ಧದಿಂದ ಗಡಿ ಮುಚ್ಚಿತು, ವ್ಯಾಪಾರ ನಿಂತಿತು. ಬಹುಪಾಲು ಮನೆಯವರು ಕೆಳಗೆ ಮುನ್ಸಿಯಾರಿ ಕಡೆ ನೆಲೆಯೂರಿದರು. ಆದರೂ ಪ್ರತಿ ಬೇಸಿಗೆಯಲ್ಲಿ ಕೆಲವು ಕುಟುಂಬಗಳು ಮೇಲೆ ಬರುತ್ತವೆ, ಬೀಗ ತೆಗೆಯುತ್ತವೆ, ಹೊಲ ಉಳುತ್ತವೆ.

ಟ್ರೆಕಿಂಗ್ ಮಾಡಿಸುವವರು ಇದನ್ನು 'ಮಿಲಮ್ ಗ್ಲೇಸಿಯರ್ ಟ್ರೆಕ್' ಅಂತಲೇ ಮಾರುತ್ತಾರೆ. ಹೋದವರೂ ಹಿಮನದಿ ಮುಟ್ಟಿ, ಫೋಟೋ ತೆಗೆದು, ಓಡೋಡಿ ಇಳಿದುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಊರಿಗಾಗಿ ಹೋಗಿ, ಆ ದಾರಿಗಾಗಿ ಹೋಗಿ. ಕೆಳಗಿನ ಸಲಹೆಗಳೆಲ್ಲ ಹಾಗೆ ಹೋಗಬೇಕು ಎನ್ನುವವರಿಗೆ.

ಮೊದಲು ತಿಂಗಳು ಗೊತ್ತುಮಾಡಿ

ವಿಮಾನದ ಟಿಕೆಟ್ ಅಗ್ಗ ಸಿಕ್ಕಿತು ಅಂತ ದಿನಾಂಕ ಹಾಕಿಕೊಳ್ಳಬೇಡಿ. ಈ ಊರಿನಲ್ಲಿ ಜನ ಇರುವುದೇ ವರ್ಷದ ಐದಾರು ತಿಂಗಳು. ಮೇ ಕೊನೆ, ಜೂನ್ ಹೊತ್ತಿಗೆ ಮೇಲೆ ಬರುತ್ತಾರೆ. ಅಕ್ಟೋಬರ್‌ನಲ್ಲಿ ಬೆಳೆ ಕೊಯ್ದು, ಆಲೂಗಡ್ಡೆ ಅಗೆದು ಇಳಿಯಲು ಶುರು ಮಾಡುತ್ತಾರೆ. ನವೆಂಬರ್‌ನಲ್ಲಿ ಹೋದರೆ ಆಕಾಶ ಶುಭ್ರವಾಗಿರುತ್ತದೆ ನಿಜ, ಆದರೆ ಒಂದು ಲೋಟ ಚಹಾ ಕೊಡುವವರೂ ಇರುವುದಿಲ್ಲ.

ಮೇ ಮತ್ತು ಜೂನ್‌ನಲ್ಲಿ ದಾರಿಯ ಇಕ್ಕಟ್ಟಿನ ಜಾಗಗಳಲ್ಲಿ ಹಿಂದಿನ ಚಳಿಗಾಲದ ಹಿಮ ಗಟ್ಟಿಯಾಗಿ ಉಳಿದಿರಬಹುದು. ಅದರ ಮೇಲೆ ನಡೆಯುವಾಗ ಸ್ಥಳೀಯರು ಹೆಜ್ಜೆ ಇಟ್ಟ ಕಡೆಯೇ ನೀವೂ ಇಡಬೇಕು. ಜುಲೈ, ಆಗಸ್ಟ್ ಬೇಡವೇ ಬೇಡ. ಮಳೆಗೆ ಗುಡ್ಡ ಜರಿಯುತ್ತದೆ, ಮೇಲಿನಿಂದ ಕಲ್ಲು ಉರುಳುತ್ತದೆ, ಸಣ್ಣ ಹಳ್ಳಗಳ ಮೇಲಿನ ಸೇತುವೆ ಕೊಚ್ಚಿಹೋಗುತ್ತದೆ. ನನ್ನ ಆಯ್ಕೆ ಸೆಪ್ಟೆಂಬರ್ ಎರಡನೇ ಅರ್ಧದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಮಳೆ ಬಿಟ್ಟಿರುತ್ತದೆ, ಶಿಖರಗಳು ಕಾಣುತ್ತವೆ, ಊರಿನಲ್ಲಿ ಜನರೂ ಇರುತ್ತಾರೆ.

ಮನೆಯಲ್ಲಿದ್ದಾಗಲೇ ಮಾಡಬೇಕಾದ ತಯಾರಿ

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಮಿಲಮ್ ದಾರಿಗೆ ಜನ ಹೊರಡುವ ಮುನ್ಸಿಯಾರಿಯೇ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಎತ್ತರದ ಅಭ್ಯಾಸ ನಮ್ಮಲ್ಲಿ ಸಿಗುವುದಿಲ್ಲ. ಕಾಲಿನ ಅಭ್ಯಾಸ ಮಾತ್ರ ಚೆನ್ನಾಗಿ ಸಿಗುತ್ತದೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಇಳಿಯಿರಿ. ಸಾವಿರದೈನೂರು ಮೀಟರಿಗೂ ಜಾಸ್ತಿ ಏರು ಅದು. ಎಂಟು ಕಿಲೋ ತೂಕದ ಚೀಲ ಬೆನ್ನಿಗಿರಲಿ. ಇಳಿದ ಮರುದಿನವೂ ಮೂರು ಗಂಟೆ ನಡೆಯಲು ಆದರೆ ನೀವು ಮಿಲಮ್‌ಗೆ ತಯಾರಾಗಿದ್ದೀರಿ ಅಂತ ಅರ್ಥ. ಇಲ್ಲಿ ಕಷ್ಟ ಇರುವುದು ಒಂದು ದಿನದ ಏರಿನಲ್ಲಿ ಅಲ್ಲ. ಎಂಟೊಂಬತ್ತು ದಿನ ಸತತವಾಗಿ, ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಕಲ್ಲುದಾರಿಯಲ್ಲಿ ನಡೆಯಬೇಕು. ಮಂಡಿ ನೋವಿರುವವರು ಇಳಿಜಾರಿನ ಅಭ್ಯಾಸ ಜಾಸ್ತಿ ಮಾಡಿ, ಎರಡು ಊರುಗೋಲು ಒಯ್ಯಿರಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾದದ ಗಂಟು ಮುಚ್ಚುವ, ಮೊದಲೇ ಹಾಕಿ ಪಳಗಿಸಿದ ಬೂಟು. ಸೊನ್ನೆ ಡಿಗ್ರಿಗಿಂತ ಕೆಳಗೂ ಬೆಚ್ಚಗಿಡುವ ಮಲಗುಚೀಲ. ಒಳ್ಳೆಯ ರೇನ್‌ಕೋಟ್. ಟಾರ್ಚ್, ಪವರ್‌ಬ್ಯಾಂಕ್, ನೀರು ಶುದ್ಧ ಮಾಡುವ ಮಾತ್ರೆ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದೇ ಇಲ್ಲ, ಬಿಟ್ಟುಬಿಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಸ್ಯಾಟಲೈಟ್ ಫೋನನ್ನು ಭಾರತದಲ್ಲಿ ಅನುಮತಿಯಿಲ್ಲದೆ ಬಳಸುವುದು ಕಾನೂನಿಗೆ ವಿರುದ್ಧ. ಅಲ್ಲಿ ಚಾರಣಿಗರು ಸಾಮಾನ್ಯವಾಗಿ ಒಯ್ಯುವ ಸ್ಯಾಟಲೈಟ್ ಸಂದೇಶದ ಸಾಧನಗಳಿಂದಲೂ ತೊಂದರೆಯಾಗುತ್ತದೆ. ಇದು ಗಡಿ ಪ್ರದೇಶ ಬೇರೆ, ತರಲೇಬೇಡಿ. ಇನ್ನೊಂದು, ಒಸಿಐ ಕಾರ್ಡ್ ಇದ್ದರೆ ಸಾಕು ಅಂದುಕೊಳ್ಳಬೇಡಿ. ಇಂಥ ಪ್ರದೇಶಗಳಿಗೆ ಒಸಿಐ ಇರುವವರೂ ಬೇರೆ ವಿಶೇಷ ಅನುಮತಿ ಪಡೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ತಿಂಗಳುಗಳ ಮುಂಚೆಯೇ ಶುರು ಮಾಡಿ.

ಬೆಂಗಳೂರಿನಿಂದ ಮುನ್ಸಿಯಾರಿ

ದೆಹಲಿಯವರೆಗೆ ವಿಮಾನ, ಅಥವಾ ಕರ್ನಾಟಕ ಎಕ್ಸ್‌ಪ್ರೆಸ್. ದೆಹಲಿಯಿಂದ ಕಾಠ್‌ಗೋದಾಮ್‌ಗೆ ರೈಲಿದೆ. ರಾತ್ರಿ ಹೊರಡುವ ರಾಣಿಖೇತ್ ಎಕ್ಸ್‌ಪ್ರೆಸ್ ನಸುಕಿಗೆ ಇಳಿಸುತ್ತದೆ, ಬೆಟ್ಟದ ಜೀಪುಗಳು ಹೊರಡುವುದೂ ಆ ಹೊತ್ತಿಗೇ. ಅಲ್ಲಿಂದ ಅಲ್ಮೋಡಾ, ಬೇರಿನಾಗ್, ಥಲ್ ಹಾದು ಮುನ್ಸಿಯಾರಿ. ನಕ್ಷೆಯಲ್ಲಿ ಮುನ್ನೂರು ಕಿಲೋಮೀಟರ್ ಒಳಗೇ ಇದ್ದಂತೆ ಕಂಡರೂ ಹತ್ತು ಹನ್ನೆರಡು ಗಂಟೆ ಬೇಕು. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ನೀವು ಮಾತ್ರ ಅಲ್ಮೋಡಾದಲ್ಲೋ ಚೌಕೋಡಿಯಲ್ಲೋ ಒಂದು ರಾತ್ರಿ ಉಳಿಯಿರಿ. ತಿರುವುಗಳಿಗೆ ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಬಂದು ನಡೆಯಲು ಶುರು ಮಾಡಿದರೆ ಮೊದಲ ಎರಡು ದಿನ ದಂಡ.

ಮುನ್ಸಿಯಾರಿಗೆ ಮುಂಚೆ ಬಿರ್ಥಿ ಜಲಪಾತ ಸಿಗುತ್ತದೆ, ಆಮೇಲೆ ಕಾಲಾಮುನಿ ಎಂಬ ಘಟ್ಟ. ಅಲ್ಲಿನ ಕಾಳಿ ಗುಡಿಯಲ್ಲಿ ಹರಕೆಯ ಗಂಟೆಗಳು ತೂಗುತ್ತಿರುತ್ತವೆ. ಅದು ದಾಟಿ ಇಳಿಯುವಾಗ ಎದುರಿಗೆ ಪಂಚಚೂಲಿಯ ಐದು ಶಿಖರಗಳು. ನಗದು ಹಣವನ್ನು ಹಲ್ದ್ವಾನಿಯಲ್ಲೋ ಅಲ್ಮೋಡಾದಲ್ಲೋ ತೆಗೆದುಕೊಳ್ಳಿ. ಮುನ್ಸಿಯಾರಿಯ ಎಟಿಎಂ ನಂಬಿ ಹೋಗಬೇಡಿ. ಮೇಲೆ ಫೋನ್ ಪೇ ನಡೆಯುವುದಿಲ್ಲ.

ಮುನ್ಸಿಯಾರಿಯಲ್ಲಿ ಎರಡು ದಿನ ನಿಲ್ಲಿ

ಎರಡು ದಿನ ಯಾಕೆ ಅಂತ ಅನ್ನಿಸಬಹುದು. ಒಂದು, ದೇಹ ಎತ್ತರಕ್ಕೆ ಒಗ್ಗಲಿ. ಎರಡು, ಅನುಮತಿ ಪತ್ರ. ಮಿಲಮ್ ಇನ್ನರ್ ಲೈನ್ ಒಳಗಿದೆ, ಅಂದರೆ ಗಡಿಯ ಹತ್ತಿರದ ನಿರ್ಬಂಧಿತ ಪ್ರದೇಶದಲ್ಲಿದೆ, ಭಾರತೀಯರಿಗೂ ಪರ್ಮಿಟ್ ಬೇಕು. ಮುನ್ಸಿಯಾರಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೊಡುತ್ತಾರೆ. ಗುರುತಿನ ಚೀಟಿಯ ನಾಲ್ಕೈದು ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಊರಿನಿಂದಲೇ ಒಯ್ಯಿರಿ. ಶನಿವಾರ, ಭಾನುವಾರ ತಲುಪುವಂತೆ ಹೊರಡಬೇಡಿ. ಪರ್ಮಿಟ್‌ನ ಪ್ರತಿಗಳನ್ನೂ ಮಾಡಿಸಿ, ಮೇಲಿನ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಠಾಣೆಗಳಲ್ಲಿ ತೋರಿಸಬೇಕು.

ಮೂರನೆಯದೇ ನನಗೆ ಮುಖ್ಯ. ಮಿಲಮ್‌ನ ಜನ ಈಗ ಇರುವುದು ಮುನ್ಸಿಯಾರಿಯಲ್ಲಿ. ಊರಿನ ಕಥೆ ಮೇಲೆ ಕಲ್ಲಿನಲ್ಲಿದೆ, ಹೇಳುವವರು ಕೆಳಗಿದ್ದಾರೆ. ಇತಿಹಾಸಕಾರ ಡಾ. ಶೇರ್ ಸಿಂಗ್ ಪಾಂಗ್ತೀ ಕಟ್ಟಿದ ಬುಡಕಟ್ಟು ಪರಂಪರೆಯ ಸಂಗ್ರಹಾಲಯ ಇಲ್ಲಿದೆ. ಹೋಗದೆ ಮೇಲೆ ಹತ್ತಬೇಡಿ. ವ್ಯಾಪಾರಿಗಳ ಪಾತ್ರೆ, ಬಟ್ಟೆ, ಹಳೆಯ ಕಾಗದಪತ್ರ ಎಲ್ಲ ಇವೆ. ಇದನ್ನು ನೋಡಿದವರಿಗೆ ಮೇಲಿನ ಪಾಳು ಮನೆಗಳಲ್ಲಿ ಯಾವ ಮೂಲೆಯಲ್ಲಿ ಏನಿತ್ತು ಅಂತ ಊಹಿಸಲು ಬರುತ್ತದೆ.

ಉಳಿಯಲು ಪಕ್ಕದ ಸರ್ಮೋಲಿ ಹಳ್ಳಿಯ ಹೋಮ್‌ಸ್ಟೇಗಳನ್ನು ಆರಿಸಿ. ಹೆಂಗಸರೇ ಮುಂದೆ ನಿಂತು ಕಟ್ಟಿಕೊಂಡ ವ್ಯವಸ್ಥೆ ಅದು. 2023ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸರ್ಮೋಲಿಯನ್ನು ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮ ಎಂದು ಆರಿಸಿತು. ಊಟಕ್ಕೆ ಮಡುವಾ ರೊಟ್ಟಿ ಕೇಳಿ. ಮಡುವಾ ಅಂದರೆ ನಮ್ಮ ರಾಗಿಯೇ! ಜೊತೆಗೆ ಮುನ್ಸಿಯಾರಿಯ ರಾಜ್ಮಾ, ಜಂಬೂ ಸೊಪ್ಪಿನ ಒಗ್ಗರಣೆ. ಊಟವಾದ ಮೇಲೆ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. ಹಿಂದಿ ಅಷ್ಟಿಷ್ಟು ಬಂದರೆ ಸಾಕು. ಅಡ್ಡಹೆಸರು ಕೇಳಿದರೇ ಮಾತು ಶುರುವಾಗುತ್ತದೆ. ಮರ್ತೋಲಿಯಾ ಅಂದರೆ ಮರ್ತೋಲಿಯವರು, ಬುರ್ಫಾಲ್ ಅಂದರೆ ಬುರ್ಫೂನವರು, ಟೋಲಿಯಾ ಅಂದರೆ ಟೋಲಾದವರು. ನಮ್ಮ ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರಾಗುತ್ತದಲ್ಲ, ಹಾಗೆ. ದಾರಿಯಲ್ಲಿ ಪ್ರತಿ ಊರು ಬಂದಾಗ ಒಂದು ಮುಖ ನೆನಪಾಗುತ್ತದೆ.

ಮಾರ್ಗದರ್ಶಿಯನ್ನೂ ಹೊರೆಯಾಳನ್ನೂ ಇಲ್ಲೇ ಗೊತ್ತುಮಾಡಿ. ಜೋಹಾರ್ ಮೂಲದವರೇ ಸಿಕ್ಕರೆ ಭಾಗ್ಯ. ದಿನದ ಕೂಲಿ, ಹಿಂದಿರುಗುವ ದಿನಗಳ ಕೂಲಿ, ಅವರ ಊಟ, ಬೆಚ್ಚನೆ ಬಟ್ಟೆ ಎಲ್ಲವನ್ನೂ ಮೊದಲೇ ಮಾತಾಡಿ. ಅಕ್ಕಿ, ಬೇಳೆ, ಸೀಮೆಎಣ್ಣೆ ಅಥವಾ ಗ್ಯಾಸ್ ಮುನ್ಸಿಯಾರಿಯಲ್ಲಿ ಕೊಳ್ಳಿ. ಮೇಲೆ ಈಗ ಯಾವ ಮನೆಯವರು ಇದ್ದಾರೆ ಅಂತ ವಿಚಾರಿಸಿ. ಅವರ ಸಂಬಂಧಿಕರು ಇಲ್ಲಿದ್ದರೆ, ಔಷಧಿಯೋ ಕಾಗದವೋ ಮೇಲೆ ಕಳಿಸುವುದಿದೆಯಾ ಅಂತ ಕೇಳಿ. ಎಷ್ಟೋ ಸಲ ಇರುತ್ತದೆ.

ರಸ್ತೆಯ ಸ್ಥಿತಿಯನ್ನೂ ಇಲ್ಲೇ ಕೇಳಬೇಕು. ಮುನ್ಸಿಯಾರಿಯಿಂದ ಮಿಲಮ್ ಕಡೆಗೆ ಗಡಿ ರಸ್ತೆ ಸಂಸ್ಥೆ ವರ್ಷಗಳಿಂದ ರಸ್ತೆ ಕಡಿಯುತ್ತಿದೆ. ಬಂಡೆ ಎಷ್ಟು ಗಟ್ಟಿಯೋ ಕೆಲಸವೂ ಅಷ್ಟೇ ಕಷ್ಟದ್ದು. 2020ರ ಜೂನ್‌ನಲ್ಲಿ ಯಂತ್ರ ಹೊತ್ತ ಲಾರಿಯ ಭಾರಕ್ಕೆ ಈ ದಾರಿಯ ಒಂದು ಬೈಲಿ ಸೇತುವೆ (ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವ ಸೇತುವೆ) ಕುಸಿದಿತ್ತು, ಕೆಲವೇ ದಿನಗಳಲ್ಲಿ ಹೊಸದನ್ನು ನಿಲ್ಲಿಸಿದರು. ಜೀಪು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಸಿಡಿಮದ್ದು ಸಿಡಿಸುತ್ತಾರೆ, ಕಾಲುದಾರಿ ಯಾವ ಕಡೆಗೆ ಸರಿದಿದೆ ಎಂಬುದು ಪ್ರತಿ ವರ್ಷ ಬದಲಾಗುತ್ತದೆ. ಹಳೆಯ ಲೇಖನಗಳನ್ನು ನೋಡಿ ಲೆಕ್ಕ ಹಾಕಬೇಡಿ. ಜೀಪು ದೂರ ಹೋಗುವುದಾದರೂ ಹೆಚ್ಚು ಎತ್ತರಕ್ಕೆ ಒಂದೇ ಸಲ ಹೋಗಿ ಇಳಿಯಬೇಡಿ. ತಲೆನೋವು ತಪ್ಪಿದ್ದಲ್ಲ.

ದಾರಿ: ಲೀಲಮ್, ಬುಗಡಿಯಾರ್, ರಿಲ್‌ಕೋಟ್

ಮೊದಲ ದಿನ ಲೀಲಮ್. ಮುನ್ಸಿಯಾರಿಗಿಂತ ಕೆಳಗಿದೆ, ಸುಮಾರು 1,850 ಮೀಟರ್. ಸೆಕೆ ಆಗುತ್ತದೆ. ಸುಲಭದ ದಿನ, ಕಾಲು ಬಿಡಿಸಿಕೊಳ್ಳಿ ಅಷ್ಟೇ.

ಎರಡನೇ ದಿನ ಬುಗಡಿಯಾರ್, ಸುಮಾರು 2,500 ಮೀಟರ್. ಗೋರಿ ಗಂಗಾ ಇಲ್ಲಿ ಕಿರಿದಾದ ಕೊರಕಲಿನಲ್ಲಿ ಮೊರೆಯುತ್ತದೆ. ಅಕ್ಕಪಕ್ಕದವರ ಮಾತು ಕೇಳಿಸುವುದಿಲ್ಲ. ದಾರಿ ಒಮ್ಮೆ ನೀರಿಗೆ ತಾಗಿ, ಒಮ್ಮೆ ಬಂಡೆಯ ನೆತ್ತಿಯಲ್ಲಿ ಹೋಗುತ್ತದೆ. ಎದುರಿಗೆ ಕುರಿಮಂದೆಯೋ ಹೇಸರಗತ್ತೆಯ ಸಾಲೋ ಬಂದರೆ ಗುಡ್ಡದ ಕಡೆಗೆ ಒರಗಿ ನಿಲ್ಲಿ. ಕಣಿವೆಯ ಕಡೆ ನಿಂತರೆ ಹೊರೆ ತಾಗಿ ಕೆಳಗೆ ಬೀಳುವ ಅಪಾಯ ಇದೆ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡರೊಳಗೆ ತಲುಪಿ. ಬಿಸಿಲೇರಿದಂತೆ ಮೇಲಿನಿಂದ ಕಲ್ಲು ಬೀಳುವುದು ಜಾಸ್ತಿ.

ಈ ಇಕ್ಕಟ್ಟಿನಲ್ಲಿ ನಡೆಯುವಾಗ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಹೆಂಗಸರು, ಮಕ್ಕಳು, ಮುದುಕರು, ದನಕರು, ಪಾತ್ರೆ ಪಗಡೆ ಸಮೇತ ಇಡೀ ಊರುಗಳು ವರ್ಷಕ್ಕೆ ಎರಡು ಸಲ ಇದೇ ದಾರಿಯಲ್ಲಿ ಹತ್ತಿ ಇಳಿಯುತ್ತಿದ್ದವು. ಕುರಿ ಮೇಕೆಗಳ ಬೆನ್ನಿನ ಮೇಲೂ ಎರಡು ಕಡೆ ಜೋತುಬೀಳುವ ಸಣ್ಣ ಚೀಲಗಳಲ್ಲಿ ಧಾನ್ಯ, ಉಪ್ಪು. ಅವರು ಆತುರ ಮಾಡುತ್ತಿರಲಿಲ್ಲ. ಮೇವಿರುವಲ್ಲಿ ನಿಲ್ಲುತ್ತಿದ್ದರು. ಆ ನಿಧಾನವೇ ಎತ್ತರಕ್ಕೆ ಒಗ್ಗಿಸುವ ಔಷಧಿ.

ಮೂರನೇ ದಿನ ರಿಲ್‌ಕೋಟ್, 3,100 ಮೀಟರಿನ ಆಸುಪಾಸು. ನಹರ್ ದೇವಿಯ ಪುಟ್ಟ ಗುಡಿ ದಾಟಿದ ಮೇಲೂ ಸ್ವಲ್ಪ ದೂರ ಕೊರಕಲೇ. ಮಾಪಾಂಗ್ ಕಳೆದ ಮೇಲೆ ಮರಗಳು ಹಿಂದೆ ಉಳಿಯುತ್ತವೆ, ಕಣಿವೆ ಬಿಚ್ಚಿಕೊಳ್ಳುತ್ತದೆ. ಗಾಳಿ ಒಣಗುತ್ತದೆ.

ಇಲ್ಲಿಂದ ಎಚ್ಚರ ಬೇಕು. ಒಂದೇ ದಿನ ಆರುನೂರು ಮೀಟರ್ ಏರಿರುತ್ತೀರಿ. ಸ್ವಲ್ಪ ತಲೆನೋವು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯ. ಆದರೆ ತಲೆನೋವು ಮಾತ್ರೆಗೆ ಬಗ್ಗದಿದ್ದರೆ, ವಾಂತಿಯಾದರೆ, ಮೇಲೆ ಹೋಗಬೇಡಿ. ಅಲ್ಲೇ ಒಂದು ದಿನ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ನೆಟ್ಟಗೆ ಗೆರೆಯ ಮೇಲೆ ನಡೆಯಲು ಆಗದಿದ್ದರೆ, ಕೂತಲ್ಲೇ ಏದುಸಿರು ಬಂದರೆ, ಮಾತು ತೊದಲಿದರೆ ರಾತ್ರಿಯೇ ಆಗಿರಲಿ, ತಕ್ಷಣ ಕೆಳಗೆ ಇಳಿಸಬೇಕು. ಒಬ್ಬರನ್ನೇ ಕಳಿಸಬಾರದು. ಎತ್ತರದ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಿನಲ್ಲೇ ವೈದ್ಯರ ಹತ್ತಿರ ಕೇಳಿಕೊಂಡು ಬನ್ನಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಮದ್ಯ ಮುಟ್ಟಬೇಡಿ. ತೊಂದರೆಯಾದಾಗ ಐಟಿಬಿಪಿ ಠಾಣೆಯವರ ಸಹಾಯ ಕೇಳಲು ಹಿಂಜರಿಯಬೇಡಿ. ಆದರೆ ಠಾಣೆ, ಸೇತುವೆ, ಹೆಲಿಪ್ಯಾಡ್‌ಗಳ ಫೋಟೋ ತೆಗೆಯಬಾರದು.

ಮರ್ತೋಲಿಯನ್ನು ಬಿಟ್ಟು ಹೋಗಬೇಡಿ

ರಿಲ್‌ಕೋಟ್‌ನಿಂದ ನೇರ ಬುರ್ಫೂ ಮೂಲಕ ಮಿಲಮ್ ಒಂದೇ ದಿನದ ದಾರಿ. ಎಲ್ಲರೂ ಹಾಗೇ ಹೋಗುತ್ತಾರೆ. ನೀವು ನಾಲ್ಕನೇ ದಿನ ಮೇಲಿನ ಕಡೆಗೆ ತಿರುಗಿ ಮರ್ತೋಲಿಗೆ ಹತ್ತಿ, ಅಲ್ಲೇ ರಾತ್ರಿ ಉಳಿಯಿರಿ. ನಡಿಗೆ ಕಡಿಮೆ, ದೇಹಕ್ಕೂ ಒಳ್ಳೆಯದು. ದಿಬ್ಬದ ಮೇಲೆ ಹರಡಿದ ಊರು. ನೂರಾರು ಕಲ್ಲಿನ ಗೋಡೆಗಳು, ಬಹುಪಾಲಕ್ಕೆ ಛಾವಣಿ ಇಲ್ಲ. ಊರ ಹೊರಗೆ ನಂದಾ ದೇವಿಯ ಗುಡಿ. ಅಲ್ಲಿಂದ 7,434 ಮೀಟರ್ ಎತ್ತರದ ನಂದಾದೇವಿ ಈಸ್ಟ್ ಶಿಖರ ಕಾಣುತ್ತದೆ. 1939ರಲ್ಲಿ ಪೋಲೆಂಡಿನ ತಂಡ ಆ ಶಿಖರವನ್ನು ಮೊದಲ ಬಾರಿಗೆ ಹತ್ತಿದ್ದು ಈ ಕಣಿವೆಯ ಕಡೆಯಿಂದಲೇ. ಜೋಹಾರದವರಿಗೆ ನಂದಾ ಮನೆಯ ದೇವತೆ. ಗುಡಿಯ ಹತ್ತಿರ ಚಪ್ಪಲಿ ಬೂಟು ಬಿಡಿ, ಅಲ್ಲಿ ಟೆಂಟ್ ಹಾಕಬೇಡಿ.

ಇನ್ನು ಪಾಳು ಮನೆಗಳ ವಿಷಯ. ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಅವು ಯಾರದೂ ಅಲ್ಲದ ಮನೆಗಳಲ್ಲ. ಪ್ರತಿಯೊಂದಕ್ಕೂ ವಾರಸುದಾರರಿದ್ದಾರೆ. ಎಷ್ಟೋ ಮನೆಯವರು ಕುಲದೇವರ ಪೂಜೆಗೆ ಇವತ್ತಿಗೂ ಬರುತ್ತಾರೆ. ಬಾಗಿಲಿನ ಚೌಕಟ್ಟು, ಕಿಟಕಿಗಳ ಕೆತ್ತನೆ ಕಣ್ಣಿಗೆ ಹಬ್ಬ. ಹೊರಗೆ ನಿಂತು ನೋಡಿ. ಒಳಗೆ ಹೋಗಿ ಬೆಂಕಿ ಹಚ್ಚುವುದು, ಹಳೆಯ ತೊಲೆಯನ್ನು ಸೌದೆ ಮಾಡುವುದು, ಕೆತ್ತಿದ ಮರದ ಚೂರು ಚೀಲಕ್ಕೆ ಹಾಕಿಕೊಳ್ಳುವುದು ಕಳ್ಳತನವೇ. ಕುಸಿಯುವ ಗೋಡೆಯಿಂದ ನಿಮಗೂ ಅಪಾಯ.

ಮಿಲಮ್‌ನಲ್ಲಿ

ಐದನೇ ದಿನ ಬುರ್ಫೂ, ಬಿಲ್ಜೂ ಹಾದು ಮಿಲಮ್. ಅಗಲವಾದ ಕಣಿವೆ, ಸುಲಭದ ನಡಿಗೆ, ಮಧ್ಯಾಹ್ನದ ಮೇಲೆ ಮಾತ್ರ ಗಾಳಿ ಜೋರು. ತಲುಪಿದ ಮೇಲೆ ಮೊದಲು ಪರ್ಮಿಟ್ ತೋರಿಸಿ ಹೆಸರು ಬರೆಸಿ. ಆಮೇಲೆ ಉಳಿಯಲು ಜಾಗ. ಯಾರ ಮನೆಯಲ್ಲಾದರೂ ಊಟ ಸಿಕ್ಕರೆ ಅವರು ಬೇಡವೆಂದರೂ ದುಡ್ಡು ಕೊಡಿ. ಅಷ್ಟು ಎತ್ತರಕ್ಕೆ ಒಂದು ಕಿಲೋ ಅಕ್ಕಿ ಹೊತ್ತು ತರುವುದು ಎಷ್ಟು ಕಷ್ಟ ಅಂತ ಈಗ ನಿಮಗೂ ಗೊತ್ತಲ್ವಾ?

ಇಲ್ಲಿ ಎರಡು ರಾತ್ರಿ ಇಡಿ. ಒಂದು ಬೆಳಗ್ಗೆ ಹಿಮನದಿಯ ಕಡೆ ಹೋಗಿ ಬನ್ನಿ, ನಾಲ್ಕೈದು ಕಿಲೋಮೀಟರ್. ಬಾಯಿಯ ಹತ್ತಿರ ಹೋಗಬೇಡಿ, ಮಂಜುಗಡ್ಡೆಯೂ ಕಲ್ಲೂ ಕಳಚಿ ಬೀಳುತ್ತಿರುತ್ತವೆ. ಉಳಿದ ಹೊತ್ತು ಊರಿಗೆ ಕೊಡಿ.

ಓಣಿಗಳಲ್ಲಿ ಮೆಲ್ಲಗೆ ನಡೆಯಿರಿ. ಪಂಡಿತ ನೈನ್ ಸಿಂಗ್ ರಾವತ್ ಹುಟ್ಟಿದ್ದು ಇಲ್ಲಿ, 1830ರಲ್ಲಿ. ಶಾಲೆಯ ಮೇಷ್ಟ್ರು. ಬ್ರಿಟಿಷರಿಗೆ ಟಿಬೆಟ್ ಒಳಗೆ ಹೋಗಲು ಬಿಡುತ್ತಿರಲಿಲ್ಲ. ಹಾಗಾಗಿ ಭೂಮಾಪನ ಇಲಾಖೆಯವರು ಇವರನ್ನು ಡೆಹ್ರಾಡೂನಿನಲ್ಲಿ ತರಬೇತು ಮಾಡಿ ವೇಷ ಮರೆಸಿ ಕಳಿಸಿದರು. ಒಂದೇ ಅಳತೆಯ ಹೆಜ್ಜೆ ಹಾಕುವುದನ್ನು ಕಲಿತರು. 108 ಮಣಿಯ ಬದಲು 100 ಮಣಿಯ ಜಪಮಾಲೆ, ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾ ಚಕ್ರದ ಒಳಗೆ ಟಿಪ್ಪಣಿ. ನೀರು ಕುದಿಯುವ ಉಷ್ಣತೆ ನೋಡಿ ಎತ್ತರದ ಲೆಕ್ಕ. 1866ರ ಜನವರಿಯಲ್ಲಿ ಲಾಸಾ ತಲುಪಿ ಅದರ ಜಾಗ, ಎತ್ತರಗಳನ್ನು ಅಳೆದರು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಅವರ ಬಂಧು ಕಿಶನ್ ಸಿಂಗ್ ಕೂಡ ಇದೇ ಊರಿನವರು, ಅವರೂ ಟಿಬೆಟ್ ಉದ್ದಗಲ ಅಳೆದವರು. ಸರ್ವೇ ಇಲಾಖೆ ಇವರನ್ನು ಆರಿಸಿದ್ದಕ್ಕೆ ಕಾರಣ ಈ ವ್ಯಾಪಾರವೇ. ಟಿಬೆಟಿನ ಭಾಷೆ, ದಾರಿ, ನಡೆನುಡಿ ಮಿಲಮ್ಮಿನವರಿಗೆ ಹುಟ್ಟಿನಿಂದ ಗೊತ್ತಿತ್ತು.

ಊರಿನ ಅಂಚಿಗೆ ಬಂದು ಗೋನ್ಖಾ ಹಳ್ಳದ ಕಡೆ ನೋಡಿ. ವ್ಯಾಪಾರಿಗಳ ಸಾಲುಗಳು ಹೋಗುತ್ತಿದ್ದುದು ಆ ಕಡೆಯಿಂದ. ಊಂಟಾ ಧುರಾ, ಜಯಂತಿ, ಕುಂಗರಿ ಬಿಂಗರಿ ಎಂಬ ಮೂರು ಘಟ್ಟಗಳು, ಮೂರೂ ಐದು ಸಾವಿರ ಮೀಟರಿಗಿಂತ ಎತ್ತರ. ನಡುವೆ ತಂಗಲು, ಮೇಯಿಸಲು ಜಾಗ ಇಲ್ಲದ ಕಾರಣ ಮೂರನ್ನೂ ಒಂದೇ ದಿನದಲ್ಲಿ ದಾಟಬೇಕಿತ್ತು. ಆಮೇಲೆ ಗ್ಯಾನಿಮಾದ ಸಂತೆ. ಅಲ್ಲಿ ಪ್ರತಿ ವ್ಯಾಪಾರಿಗೂ ಗೊತ್ತಾದ ಒಬ್ಬ ಟಿಬೆಟಿ ಮಿತ್ರ ಇರುತ್ತಿದ್ದ. ಒಂದು ಕಲ್ಲನ್ನು ಎರಡು ಹೋಳು ಮಾಡಿ ಇಬ್ಬರೂ ಒಂದೊಂದು ಇಟ್ಟುಕೊಳ್ಳುವ ಪದ್ಧತಿ ಇತ್ತಂತೆ. ಮಗನನ್ನೋ ಆಳನ್ನೋ ಕಳಿಸಿದಾಗ ಹೋಳು ಕೂಡಿದರೆ ನಂಬಿಕೆ. ಆ ಸಂಬಂಧ ತಂದೆಯಿಂದ ಮಗನಿಗೆ ಬರುತ್ತಿತ್ತು. ಹಿರಿಯರು ಸಿಕ್ಕರೆ ಇದನ್ನೇ ಕೇಳಿ, ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತಾರೆ. ನೀವು ಮಾತ್ರ ಆ ಘಟ್ಟಗಳ ಕಡೆ ಹೋಗಬೇಡಿ. ಮಿಲಮ್‌ನ ಪರ್ಮಿಟ್ ಅಲ್ಲಿಗೆ ನಡೆಯುವುದಿಲ್ಲ.

ಇಳಿಯುವಾಗ

ಮೂರು ದಿನದಲ್ಲಿ ಇಳಿಯಬಹುದು. ಆದರೆ ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇರಲೇಬೇಕು. ಒಂದು ಗುಡ್ಡ ಜರಿದರೆ ದಾರಿ ತೆರೆಯುವ ತನಕ ಕಾಯಬೇಕಾಗುತ್ತದೆ. ದೆಹಲಿಯಿಂದ ಹಿಂದಿರುಗುವ ವಿಮಾನವನ್ನು ಬಿಗಿಯಾಗಿ ಇಟ್ಟುಕೊಂಡವರೇ ಅಪಾಯದ ಜಾಗದಲ್ಲಿ ಓಡುವುದು. ನಿಮ್ಮ ಪ್ಲಾಸ್ಟಿಕ್ ಪೂರ್ತಿ ನಿಮ್ಮ ಚೀಲದಲ್ಲೇ ಕೆಳಗೆ ಬರಲಿ, ಖಾಲಿ ಗ್ಯಾಸ್ ಡಬ್ಬಿಯೂ ಸೇರಿ.

ಮುನ್ಸಿಯಾರಿಯಲ್ಲಿ ಏನಾದರೂ ಕೊಳ್ಳುವುದಾದರೆ ಜೋಹಾರಿ ಹೆಂಗಸರು ಮಗ್ಗದಲ್ಲಿ ನೇಯುವ ಥುಲ್ಮಾ ಕಂಬಳಿಯನ್ನೋ, ದನ್ ಎಂಬ ನೆಲಹಾಸನ್ನೋ ನೇರ ಅವರ ಮನೆಯಲ್ಲೇ ಕೊಳ್ಳಿ. ಟಿಬೆಟಿನ ಉಣ್ಣೆ ನಿಂತುಹೋದ ಮೇಲೂ ಅವರು ಮಗ್ಗ ಬಿಟ್ಟಿಲ್ಲ. ಚೌಕಾಸಿ ಮಾಡುವ ಮುಂಚೆ ಒಂದು ದನ್ ನೇಯಲು ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ. ಒಣಗಿಸಿದ ಜಂಬೂ, ರಾಜ್ಮಾ ಹಗುರ, ಚೀಲದಲ್ಲಿ ಹಿಡಿಸುತ್ತವೆ. ಹಲ್ದ್ವಾನಿ ಕಡೆಯ ಜೀಪುಗಳು ನಸುಕಿನಲ್ಲೇ ಹೊರಡುತ್ತವೆ, ಹಾಗಾಗಿ ಸೀಟನ್ನು ಹಿಂದಿನ ಸಂಜೆಯೇ ಹೇಳಿಡಿ.